ಸತ್ತದ್ದೆಷ್ಟು, ಬದುಕಿದ್ದೆಷ್ಟು: ಸ್ಟೋಮಾ ಪಕ್ಕದ ಹರ್ನಿಯಾ ಕೆಟ್ಟಾಗ ಸರ್ಜನ್ನರ ಕೆಲಸ

ಆಸ್ಪತ್ರೆಗಳು ಕಾಯಿಲೆಗಳನ್ನು ದಾಖಲಿಸಲು ಬಳಸುವ ಅಂತರರಾಷ್ಟ್ರೀಯ ಪಟ್ಟಿಯ ಹತ್ತನೆಯ ಆವೃತ್ತಿಯಲ್ಲಿ ಕೆ 43.4 ಎಂಬ ಸಂಕೇತವೊಂದಿದೆ. ಸ್ಟೋಮಾದ ಪಕ್ಕದಲ್ಲಿ ಹರ್ನಿಯಾ, ಜೊತೆಗೆ ಗ್ಯಾಂಗ್ರೀನ್ ಎಂದು ಅದರ ಅರ್ಥ. ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ಸಾಲೂ ತುಂಬದ ಈ ಸಂಕೇತದ ಹಿಂದೆ ಕೆಲವು ತಾಸುಗಳ ಶಸ್ತ್ರಕ್ರಿಯೆ, ಹತ್ತಾರು ಜನರ ಕೈ, ಅಳತೆಗೋಲಿಗೆ ಸಿಗದ ಒಂದು ತೀರ್ಮಾನ ಇರುತ್ತವೆ. ಅದನ್ನು ಬುಡದಿಂದ ಬಿಡಿಸಿ ನೋಡುವುದು ಈ ಬರಹದ ಉದ್ದೇಶ.

ಮೊದಲು ಸ್ಟೋಮಾ. ಮಲ ಹೋಗುವ ಸಹಜ ದಾರಿ ಮುಚ್ಚಿದಾಗ ಅಥವಾ ಅದನ್ನು ತೆಗೆದುಹಾಕಲೇಬೇಕಾದಾಗ, ಸರ್ಜನ್ ಹೊಟ್ಟೆಯ ಮುಂಭಾಗದಲ್ಲಿ ಒಂದು ದ್ವಾರ ಮಾಡಿ ಕರುಳಿನ ತುದಿಯನ್ನು ಅಲ್ಲಿಗೆ ತಂದು ಚರ್ಮಕ್ಕೆ ಹೊಲಿಯುತ್ತಾರೆ. ಆ ತುದಿಯೇ ಸ್ಟೋಮಾ. ದೊಡ್ಡ ಕರುಳಿನದ್ದಾದರೆ ಕೊಲಾಸ್ಟಮಿ, ಸಣ್ಣ ಕರುಳಿನದ್ದಾದರೆ ಇಲಿಯಾಸ್ಟಮಿ. ಅದರ ಮೇಲೆ ಅಂಟಿಸಿದ ಚೀಲದಲ್ಲಿ ಮಲ ಸೇರುತ್ತದೆ. ಗುದನಾಳದ ಕ್ಯಾನ್ಸರು, ಟೈಫಾಯ್ಡಿನಿಂದ ತೂತುಬಿದ್ದ ಸಣ್ಣ ಕರುಳು, ತಿರುಚಿಕೊಂಡು ಕಪ್ಪಾದ ದೊಡ್ಡ ಕರುಳು, ಎತ್ತು ಹಾಯ್ದು ಆದ ಗಾಯ, ಹೀಗೆ ಕಾರಣಗಳು ಬೇರೆ ಬೇರೆ. ಕೆಲವರಿಗೆ ನಾಲ್ಕಾರು ತಿಂಗಳ ಮಟ್ಟಿಗೆ, ಕೆಲವರಿಗೆ ಜೀವನಪೂರ್ತಿ. ಬೆಳಗಾವಿ ಸೀಮೆಯ ಹಳ್ಳಿಗಳಲ್ಲಿ ಇದನ್ನೆಲ್ಲ ವಿವರಿಸುತ್ತ ಕೂರುವುದಿಲ್ಲ. ‘ಹೊಟ್ಟಿಗೆ ಚೀಲ ಹಾಕ್ಯಾರ’ ಎಂದರೆ ಮುಗಿಯಿತು.

ಈ ವಿದ್ಯೆ ಹೊಸದಲ್ಲ. ಫ್ರಾನ್ಸಿನ ಬ್ರೆಸ್ಟ್ ಊರಿನಲ್ಲಿ 1793ರಲ್ಲಿ ಡ್ಯುರೇ ಎಂಬ ಸರ್ಜನ್, ಗುದದ್ವಾರವಿಲ್ಲದೆ ಹುಟ್ಟಿದ ಹಸುಗೂಸಿಗೆ ಕೊಲಾಸ್ಟಮಿ ಮಾಡಿ ಬದುಕಿಸಿದರು. ಅರಿವಳಿಕೆ ಬರಲು ಆಗಿನ್ನೂ ಅರ್ಧ ಶತಮಾನ ಬಾಕಿಯಿತ್ತು.

ದ್ವಾರ ಮಾಡುವುದೆಂದರೆ ಗೋಡೆಗೆ ತೂತು ಕೊರೆದಂತೆಯೇ. ಹೊಕ್ಕುಳಿನ ಎರಡೂ ಪಕ್ಕಕ್ಕೆ ಪಕ್ಕೆಲುಬಿನಿಂದ ಕೆಳಗಿನ ಎಲುಬಿನವರೆಗೆ ಒಂದೊಂದು ಸ್ನಾಯು ಇಳಿದಿದೆ, ಹೆಸರು ರೆಕ್ಟಸ್. ಅದನ್ನು ಸುತ್ತಿದ ಬಿಳಿಯ ಗಟ್ಟಿ ಪೊರೆಗೆ ಫೇಶಿಯಾ ಎನ್ನುತ್ತಾರೆ. ಹೊಟ್ಟೆಯ ಗೋಡೆಯ ನಿಜವಾದ ಬಲ ಇರುವುದು ಈ ಪೊರೆಯಲ್ಲಿ. ಸ್ಟೋಮಾ ಮಾಡುವಾಗ ಪೊರೆಯನ್ನು ಸೀಳಿ, ಸ್ನಾಯುವಿನ ಎಳೆಗಳನ್ನು ಕತ್ತರಿಸದೆ ಸರಿಸಿ, ಸುಮಾರು ಎರಡು ಬೆರಳು ಹೋಗುವಷ್ಟು ದಾರಿ ಮಾಡುತ್ತಾರೆ. ಇಲ್ಲಿಂದಲೇ ಇಕ್ಕಟ್ಟು ಶುರು. ದಾರಿ ಕಿರಿದಾದರೆ ಕರುಳಿಗೆ ರಕ್ತ ಹರಿಯುವುದಿಲ್ಲ, ಅಗಲವಾದರೆ ಕರುಳಿನ ಪಕ್ಕದ ಸಂದಿಯಲ್ಲಿ ಒಳಗಿನ ಇನ್ನೊಂದು ಸುರುಳಿ ನುಗ್ಗುತ್ತದೆ. ಹಾಗೆ ನುಗ್ಗಿ ಚರ್ಮದಡಿ ಉಬ್ಬುವುದೇ ಸ್ಟೋಮಾ ಪಕ್ಕದ ಹರ್ನಿಯಾ. ಎಷ್ಟು ಅಚ್ಚುಕಟ್ಟಾಗಿ ಮಾಡಿದರೂ ಕಾಲ ಕಳೆದಂತೆ ತೂತು ಹಿಗ್ಗುತ್ತದೆ. ಕಾಯಂ ಕೊಲಾಸ್ಟಮಿ ಇರುವವರಲ್ಲಿ ವರ್ಷಗಳು ಉರುಳಿದಂತೆ ಸುಮಾರು ಅರ್ಧದಷ್ಟು ಜನರಿಗೆ ಇದು ಬರುತ್ತದೆ. ಆದ್ದರಿಂದ ಹರ್ನಿಯಾ ಬಂದಿತೆಂದ ಮಾತ್ರಕ್ಕೆ ಮೊದಲ ಸರ್ಜನ್ನರನ್ನು ದೂರುವುದು ನ್ಯಾಯವಲ್ಲ.

ಬೆಳಗಾವಿ ಜಿಲ್ಲೆಯ ಕೌಜಲಗಿಯ ಕಡೆ ತೂತು ಹಿಗ್ಗಲು ಕಾರಣ ಹುಡುಕಬೇಕಾಗಿಲ್ಲ. ಮೊದಲು ಗೋಕಾಕ ತಾಲ್ಲೂಕಿನಲ್ಲಿದ್ದು ಈಗ ಮೂಡಲಗಿ ತಾಲ್ಲೂಕಿಗೆ ಸೇರಿರುವ ಈ ಊರಿನ ಸುತ್ತ ಕಬ್ಬು, ಗೋವಿನಜೋಳದ ಹೊಲಗಳಿವೆ. ಕಬ್ಬಿನ ಗ್ಯಾಂಗಿನಲ್ಲಿ ದುಡಿಯುವವರು ಕಬ್ಬಿನ ಹೊರೆಯನ್ನು ತಲೆಯ ಮೇಲೆ ಹೊತ್ತು ಹಲಗೆ ಹತ್ತಿ ಟ್ರ್ಯಾಕ್ಟರಿಗೆ ಹಾಕುತ್ತಾರೆ. ಹೊರೆ ಎತ್ತುವಾಗ ಉಸಿರು ಬಿಗಿಹಿಡಿದಾಗಲೆಲ್ಲ ಹೊಟ್ಟೆಯೊಳಗಿನ ಒತ್ತಡ ಏರುತ್ತದೆ. ಬೀಡಿಯ ಕೆಮ್ಮು, ಮಲಬದ್ಧತೆ, ಬೊಜ್ಜು, ವಯಸ್ಸು ಇವೂ ಅದೇ ಕೆಲಸ ಮಾಡುತ್ತವೆ. ಹೀಗಿದ್ದರೂ ಹೆಚ್ಚಿನವರ ಹರ್ನಿಯಾ ಮೆತ್ತಗಿದ್ದು, ಮಲಗಿದರೆ ಒಳಗೆ ಹೋಗಿ, ನಿಂತರೆ ಹೊರಗೆ ಬಂದು, ಬೆಲ್ಟ್ ಕಟ್ಟಿಕೊಂಡರೆ ಸುಮ್ಮನಿರುತ್ತದೆ. ವರ್ಷಗಟ್ಟಲೆ ಹಾಗೇ ಬದುಕಿದವರು ಬಹಳ ಮಂದಿ.

ಕೆಡುವುದು ಯಾವಾಗ? ಹೊರಗೆ ನುಗ್ಗಿದ ಸುರುಳಿ ತಿರುಗಿ ಒಳಗೆ ಹೋಗಲಾರದೆ ಪೊರೆಯ ಉಂಗುರದಲ್ಲಿ ಸಿಕ್ಕಿಬಿದ್ದಾಗ. ಕರುಳಿಗೆ ರಕ್ತ ತರುವ ಅಪಧಮನಿಯ ಗೋಡೆ ದಪ್ಪ, ಅದರೊಳಗಿನ ಒತ್ತಡ ಹೆಚ್ಚು. ರಕ್ತ ಒಯ್ಯುವ ಅಭಿಧಮನಿ ತೆಳು, ಒತ್ತಡ ಕಡಿಮೆ. ಆದ್ದರಿಂದ ಉಂಗುರ ಬಿಗಿದಾಗ ಮೊದಲು ಮುಚ್ಚುವುದು ವಾಪಸು ಹೋಗುವ ದಾರಿ. ರಕ್ತ ಬರುತ್ತಲೇ ಇರುತ್ತದೆ, ಹೋಗಲು ಆಗುವುದಿಲ್ಲ. ಕರುಳು ಊದಿಕೊಳ್ಳುತ್ತದೆ, ಊದಿದಷ್ಟೂ ಉಂಗುರ ಇನ್ನಷ್ಟು ಬಿಗಿಯುತ್ತದೆ. ಕೊನೆಗೆ ಬರುವ ರಕ್ತವೂ ನಿಲ್ಲುತ್ತದೆ. ಒಳಪದರ ಮೊದಲು ಸಾಯುತ್ತದೆ, ಆಮೇಲೆ ಇಡೀ ಗೋಡೆ. ರಕ್ತವೇ ಸಿಗದ ಕರುಳು ಸುಮಾರು ಆರು ತಾಸಿನಲ್ಲಿ ಮತ್ತೆ ಚೇತರಿಸಿಕೊಳ್ಳಲಾರದ ಸ್ಥಿತಿಗೆ ಹೋಗಬಹುದು. ಸತ್ತ ಗೋಡೆಯ ಮೂಲಕ ಒಳಗಿನ ಬ್ಯಾಕ್ಟೀರಿಯಾಗಳು ಹೊಟ್ಟೆಗೂ ರಕ್ತಕ್ಕೂ ಇಳಿಯುತ್ತವೆ. ಇದೇ ಗ್ಯಾಂಗ್ರೀನ್.

ಇಂಥ ರೋಗಿ ಬಂದಾಗ ವೈದ್ಯರ ಮೊದಲ ಪ್ರಶ್ನೆ ಬಹಳ ಸಾದಾ. ‘ಕಾಕಾ, ನಿನ್ನಿಯಿಂದ ಚೀಲದಾಗ ಏನರ ಬಂದೈತೇನ್ರಿ?’ ‘ಗಾಳಿ ಸೈತ ಬಂದಿಲ್ರಿ ಸಾಹೇಬ್ರ’ ಎಂಬ ಉತ್ತರ ಬಂದರೆ ಕರುಳು ಕಟ್ಟಿದೆ ಎಂದು ಅರ್ಧ ತಿಳಿದಂತೆ. ವಾಂತಿ, ಬಿಡದ ನೋವು, ಮುಟ್ಟಿದರೆ ಗಟ್ಟಿಯಾಗಿ ಬಿಸಿಯಾದ ಉಬ್ಬು, ಅದರ ಮೇಲಿನ ಚರ್ಮ ಕೆಂಪಾಗಿರುವುದು, ವೇಗವಾದ ನಾಡಿ ಉಳಿದರ್ಧ ಹೇಳುತ್ತವೆ. ಸ್ಟೋಮಾದ ಬಣ್ಣವನ್ನೂ ನೋಡುತ್ತಾರೆ. ಆರೋಗ್ಯವಾದ ಸ್ಟೋಮಾ ತುಟಿಯ ಒಳಭಾಗದಂತೆ ಕೆಂಪಾಗಿ ಒದ್ದೆಯಾಗಿರುತ್ತದೆ. ಅದು ನೇರಳೆಗೋ ಕಪ್ಪಿಗೋ ತಿರುಗಿದ್ದರೆ, ಸಾವು ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಮುಂದಿನ ಪ್ರಶ್ನೆ. ಅದಕ್ಕೊಂದು ಹಳೆಯ, ಖರ್ಚಿಲ್ಲದ ಉಪಾಯವಿದೆ. ಗಾಜಿನ ಪರೀಕ್ಷಾ ನಳಿಕೆಗೆ ಜೆಲ್ಲಿ ಸವರಿ ಸ್ಟೋಮಾದೊಳಗೆ ಮೆಲ್ಲಗೆ ಇಳಿಸಿ, ನಳಿಕೆಯ ಬಾಯಿಗೆ ಟಾರ್ಚ್ ಹಿಡಿಯುತ್ತಾರೆ. ಗಾಜಿನ ಗೋಡೆಗೆ ಒತ್ತಿಕೊಂಡ ಒಳಪದರ ಎಲ್ಲಿಯವರೆಗೆ ಕಪ್ಪು, ಎಲ್ಲಿಂದ ಕೆಂಪು ಎಂದು ಕಣ್ಣಿಗೆ ಕಾಣುತ್ತದೆ. ಕಪ್ಪು ಪೊರೆಯ ಮೇಲೆಯೇ ಮುಗಿದರೆ ಸ್ವಲ್ಪ ಕಾಯಬಹುದು. ಪೊರೆಯ ಕೆಳಗೂ ಇಳಿದಿದ್ದರೆ ಕಾಯುವಂತಿಲ್ಲ. ಸಿ.ಟಿ. ಸ್ಕ್ಯಾನ್ ಇರುವ ಕಡೆ ಅದೂ ಆಗುತ್ತದೆ. ಸಿಕ್ಕಿಬಿದ್ದ ಸುರುಳಿ ಎಷ್ಟು, ಅದರ ಗೋಡೆಗೆ ರಕ್ತ ಹೋಗುತ್ತಿದೆಯೇ ಎಂಬುದನ್ನು ಅದು ತೋರಿಸುತ್ತದೆ.

ಕೌಜಲಗಿಯಿಂದ ಹೊರಟ ರೋಗಿಗೆ ದಾರಿಯಲ್ಲಿ ಗೋಕಾಕದ ತಾಲ್ಲೂಕು ಆಸ್ಪತ್ರೆ ಸಿಗುತ್ತದೆ. ದೊಡ್ಡ ಶಸ್ತ್ರಕ್ರಿಯೆಗೆ ಬೆಳಗಾವಿ ಮುಟ್ಟಬೇಕಾಗುತ್ತದೆ. ಅಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಾದ ಬಿಮ್ಸ್ ಇದೆ, 1963ರಲ್ಲಿ ಶುರುವಾದ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿಗೆ ಹೊಂದಿಕೊಂಡ ಕೆಎಲ್‌ಇ ಪ್ರಭಾಕರ ಕೋರೆ ಆಸ್ಪತ್ರೆ ಇದೆ. 2008ರಿಂದ ಓಡುತ್ತಿರುವ 108 ಆಂಬುಲೆನ್ಸ್ ಇಂಥ ಹೊತ್ತಿಗೇ ಇರುವುದು.

ಆಸ್ಪತ್ರೆ ಮುಟ್ಟಿದ ಕೂಡಲೇ ಚಾಕು ಹಿಡಿಯುವುದಿಲ್ಲ. ವಾಂತಿಯಲ್ಲಿ ಹೋದದ್ದು, ಊದಿದ ಕರುಳಿನೊಳಗೆ ನಿಂತದ್ದು ಸೇರಿ ರೋಗಿಯ ರಕ್ತನಾಳಗಳು ಬತ್ತಿರುತ್ತವೆ. ಎರಡೂ ಕೈಗೆ ಸಲೈನ್, ಮೂಗಿನಿಂದ ಜಠರಕ್ಕೆ ರೈಲ್ಸ್ ಟ್ಯೂಬ್, ಮೂತ್ರಕ್ಕೆ ಕೆಥೆಟರ್, ಆ್ಯಂಟಿಬಯಾಟಿಕ್. ಅರವತ್ತು ಕಿಲೋ ತೂಕದವರಿಗೆ ತಾಸಿಗೆ 30 ಮಿ.ಲೀ. ಮೂತ್ರ ಬರತೊಡಗಿದರೆ ಮೂತ್ರಪಿಂಡಕ್ಕೆ ರಕ್ತ ಮುಟ್ಟುತ್ತಿದೆ ಎಂದು ಲೆಕ್ಕ. ಇತ್ತ ಕರುಳು ಸಾಯುತ್ತಿರುತ್ತದೆ, ಅತ್ತ ರೋಗಿ ಅರಿವಳಿಕೆ ತಾಳುವಂತಾಗಬೇಕು. ಈ ಎರಡರ ನಡುವೆ ಎಷ್ಟು ಹೊತ್ತು ಕೊಡಬಹುದೆಂದು ಅಳೆಯುವುದು ಅರಿವಳಿಕೆ ತಜ್ಞರ ಹಿರಿಮೆ. ತುಂಬಿದ ಹೊಟ್ಟೆಯ ರೋಗಿಯನ್ನು ಮಲಗಿಸುವಾಗ ವಾಂತಿ ಶ್ವಾಸಕೋಶಕ್ಕೆ ಇಳಿಯದಂತೆ ಕ್ಷಣಗಳಲ್ಲಿ ಗಂಟಲಿಗೆ ನಳಿಕೆ ಹಾಕುವವರೂ ಅವರೇ. ಈ ಕೆಲಸ ರೋಗಿಯ ಮನೆಯವರ ಕಣ್ಣಿಗೆ ಬೀಳುವುದೇ ಇಲ್ಲ.

ಟೇಬಲ್ಲಿನ ಮೇಲೆ ಮೊದಲ ಹೆಜ್ಜೆ, ಸ್ಟೋಮಾದ ಬಾಯಿಯನ್ನು ದಾರದಿಂದ ತಾತ್ಕಾಲಿಕವಾಗಿ ಮುಚ್ಚುವುದು. ಇಲ್ಲವಾದರೆ ಮಲ ಗಾಯಕ್ಕೆ ಸೋರುತ್ತದೆ. ಹೊಟ್ಟೆಯನ್ನು ಸಾಮಾನ್ಯವಾಗಿ ನಡುಗೆರೆಯಲ್ಲಿ ತೆರೆಯುತ್ತಾರೆ. ಹಿಂದಿನ ಶಸ್ತ್ರಕ್ರಿಯೆಯ ಅಂಟುಗಳು ಕರುಳನ್ನು ಗೋಡೆಗೆ ಹಿಡಿದಿಟ್ಟಿರುತ್ತವೆ; ಅವನ್ನು ಬಿಡಿಸುವುದೇ ಒಮ್ಮೊಮ್ಮೆ ಒಂದು ತಾಸಿನ ಕೆಲಸ. ಊದಿದ ಸುರುಳಿಯನ್ನು ಹಿಂಬಾಲಿಸಿ ಹೋದರೆ ಉಂಗುರ ಸಿಗುತ್ತದೆ: ಒಂದು ಕಡೆ ಊದಿದ ಕರುಳು ಒಳಹೋಗುತ್ತದೆ, ಇನ್ನೊಂದು ಕಡೆ ಚಪ್ಪಟೆ ಕರುಳು ಹೊರಬರುತ್ತದೆ.

ಇಲ್ಲಿ ಎಳೆಯಬಾರದು. ಹೊಸಬರ ಕೈ ಎಳೆಯಲು ಹಾತೊರೆಯುತ್ತದೆ, ಸತ್ತ ಕರುಳು ಅಲ್ಲೇ ಹರಿದು ಒಳಗಿನದ್ದೆಲ್ಲ ಹೊಟ್ಟೆಗೆ ಸುರಿಯುತ್ತದೆ. ಅನುಭವಸ್ಥರು ಎಡಗೈ ಬೆರಳನ್ನು ಕರುಳಿಗೂ ಉಂಗುರಕ್ಕೂ ನಡುವೆ ತೂರಿಸಿ, ಬೆರಳನ್ನೇ ಕಾವಲಿಟ್ಟು, ಪೊರೆಯ ಅಂಚನ್ನು ಚೂರು ಚೂರೇ ಸೀಳುತ್ತಾರೆ. ಬಿಗಿತ ಸಡಿಲಾದದ್ದು ಬೆರಳಿಗೆ ಗೊತ್ತಾಗುತ್ತದೆ. ಕರುಳು ಸಂಪೂರ್ಣ ಸತ್ತದ್ದು ಮೊದಲೇ ಖಚಿತವಾಗಿದ್ದರೆ ಸಡಿಲಿಸುವ ಮುನ್ನವೇ ಎರಡೂ ಕಡೆ ಕ್ಲಾಂಪ್ ಹಾಕುತ್ತಾರೆ. ಕಾರಣ, ಸತ್ತ ಭಾಗದಲ್ಲಿ ಮಡುಗಟ್ಟಿದ ವಿಷ ಒಮ್ಮೆಲೇ ರಕ್ತಕ್ಕೆ ನುಗ್ಗಿದರೆ ಟೇಬಲ್ಲಿನ ಮೇಲೆಯೇ ರಕ್ತದೊತ್ತಡ ಕುಸಿಯಬಹುದು.

ಈಗ ಮುಖ್ಯ ಘಟ್ಟ. ಹೊರಗೆ ತೆಗೆದ ಸುರುಳಿ ಕಪ್ಪಗೆ, ಹಸಿರುಗಪ್ಪಾಗಿ, ವಾಸನೆ ಹೊಡೆಯುತ್ತಿದ್ದರೆ ಯೋಚಿಸಲು ಏನೂ ಇಲ್ಲ. ಕಷ್ಟ ಇರುವುದು ನೇರಳೆ ಬಣ್ಣದ ಕರುಳಿನಲ್ಲಿ. ಅದು ಸಾಯುತ್ತಿರಬಹುದು, ಬದುಕಿಗೆ ಮರಳುತ್ತಲೂ ಇರಬಹುದು. ಬಿಸಿ ಸಲೈನಿನಲ್ಲಿ ಅದ್ದಿದ ಬಟ್ಟೆ ಸುತ್ತಿ, ರೋಗಿಗೆ ಪೂರ್ತಿ ಆಮ್ಲಜನಕ ಕೊಡಲು ಹೇಳಿ, ಸರ್ಜನ್ ಕೈಕಟ್ಟಿ ನಿಲ್ಲುತ್ತಾರೆ. ಹತ್ತು ನಿಮಿಷವೋ ಹದಿನೈದೋ. ತುರ್ತು ಶಸ್ತ್ರಕ್ರಿಯೆಯ ನಡುವೆ ಏನೂ ಮಾಡದೆ ಗಡಿಯಾರ ನೋಡುತ್ತ ನಿಲ್ಲುವ ಈ ಹೊತ್ತು ನನಗೆ ಇಡೀ ವಿದ್ಯೆಯಲ್ಲಿ ಅತ್ಯಂತ ಕಠಿಣವಾದದ್ದೆನಿಸುತ್ತದೆ.

ಬಟ್ಟೆ ಬಿಚ್ಚಿದಾಗ ನೋಡುವುದು ನಾಲ್ಕು ಗುರುತು. ಬಣ್ಣ ಗುಲಾಬಿಗೆ ತಿರುಗಿದೆಯೇ? ಮೇಲ್ಮೈಯ ಹೊಳಪು ಮರಳಿದೆಯೇ? ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಕರುಳು ಹಿಂಡಿಕೊಂಡು ಅಲೆಯುತ್ತದೆಯೇ? ಕರುಳಿಗೆ ರಕ್ತ ಒಯ್ಯುವ ಪೊರೆಯಾದ ಮೆಸೆಂಟ್ರಿಯ ಅಂಚಿನಲ್ಲಿ ನಾಡಿ ಮಿಡಿಯುತ್ತದೆಯೇ? ದೊಡ್ಡ ಕೇಂದ್ರಗಳಲ್ಲಿ ಇಂಡೋಸಯನೈನ್ ಗ್ರೀನ್ ಎಂಬ ಬಣ್ಣವನ್ನು ರಕ್ತನಾಳಕ್ಕೆ ಕೊಟ್ಟು ವಿಶೇಷ ಕ್ಯಾಮೆರಾದಲ್ಲಿ ನೋಡುವ ಸೌಲಭ್ಯವಿದೆ. ರಕ್ತ ಹರಿಯುವ ಕರುಳು ಪರದೆಯ ಮೇಲೆ ಬೆಳಗುತ್ತದೆ, ಸತ್ತದ್ದು ಕತ್ತಲಾಗಿ ಉಳಿಯುತ್ತದೆ. ಆದರೂ ಬಹುತೇಕ ಥಿಯೇಟರುಗಳಲ್ಲಿ ತೀರ್ಪು ಕಣ್ಣು ಬೆರಳುಗಳದ್ದೇ. ಹೆಚ್ಚು ಉಳಿಸಿಕೊಂಡರೆ ಸತ್ತ ಭಾಗ ಎರಡು ದಿನದಲ್ಲಿ ಒಡೆಯುತ್ತದೆ. ಹೆಚ್ಚು ಕತ್ತರಿಸಿದರೆ ಆಹಾರ ಹೀರುವ ಕರುಳೇ ಸಾಲದಾಗುತ್ತದೆ. ವಯಸ್ಕರ ಸಣ್ಣ ಕರುಳು ಸುಮಾರು ಆರು ಮೀಟರ್. ಎರಡು ಮೀಟರಿಗಿಂತ ಕಡಿಮೆ ಉಳಿದರೆ ಪೋಷಣೆಯ ತೊಂದರೆ ಶುರು. ಅದಕ್ಕೇ ಕತ್ತರಿಸಿ ಬಿಸಾಡಿದ್ದು ಎಷ್ಟು ಎನ್ನುವುದಕ್ಕಿಂತ ಒಳಗೆ ಉಳಿದದ್ದು ಎಷ್ಟು ಎಂದು ಅಳೆದು ಬರೆದಿಡುವುದು ರೂಢಿ. ತೀರ್ಮಾನವೇ ಆಗದಿದ್ದರೆ ಹೊಟ್ಟೆಯನ್ನು ತಾತ್ಕಾಲಿಕವಾಗಿ ಮುಚ್ಚಿ, 24ರಿಂದ 48 ತಾಸಿನೊಳಗೆ ತಿರುಗಿ ತೆರೆದು ನೋಡುತ್ತಾರೆ. ಇದು ಹಿಂಜರಿಕೆಯಲ್ಲ, ಪಳಗಿದ ಕೈಯ ಲಕ್ಷಣ.

ಕತ್ತರಿಸುವ ಜಾಗ ಸರಿಯೋ ಎಂಬುದಕ್ಕೆ ಅಂಚೇ ಸಾಕ್ಷಿ ಹೇಳುತ್ತದೆ. ಕೆಂಪು ರಕ್ತ ಜಿನುಗಿದರೆ ಸರಿ, ಕಪ್ಪಾಗಿ ಒಸರಿದರೆ ಅಥವಾ ಏನೂ ಬರದಿದ್ದರೆ ಇನ್ನಷ್ಟು ಹಿಂದೆ ಸರಿಯಬೇಕು. ಆರೋಗ್ಯವಾದ ಎರಡು ತುದಿಗಳನ್ನು ಜೋಡಿಸುವುದು ಮುಂದಿನ ಕೆಲಸ. ಹೊರಮೈಗೆ ಹೊರಮೈ ತಾಗುವಂತೆ ಹೊಲಿದರೆ ಕರುಳು ತಾನೇ ಅಂಟಿಕೊಳ್ಳುತ್ತದೆ ಎಂದು 1826ರಲ್ಲಿ ಫ್ರಾನ್ಸಿನ ಲೆಂಬರ್ ತೋರಿಸಿದರು. ಗೋಡೆಯ ಪದರುಗಳಲ್ಲಿ ಹೊಲಿಗೆಯನ್ನು ಹಿಡಿದಿಡುವ ಬಲ ಒಳಪದರದ ಕೆಳಗಿನ ಸಬ್‌ಮ್ಯೂಕೋಸಾದ್ದು ಎಂದು 1887ರಲ್ಲಿ ಅಮೆರಿಕದ ಹಾಲ್‌ಸ್ಟೆಡ್ ಕಂಡುಕೊಂಡರು. ಇಂದಿಗೂ ಸೂಜಿ ಆ ಪದರನ್ನು ಹಿಡಿಯಲೇಬೇಕು. ಹೊಲಿಗೆಯಿಂದ ಹೊಲಿಗೆಗೆ ಕೆಲವೇ ಮಿಲಿಮೀಟರ್. ಗಂಟು ಸಡಿಲಾದರೆ ಸೋರುತ್ತದೆ, ಬಿಗಿಯಾದರೆ ಆ ಜಾಗವೇ ಸಾಯುತ್ತದೆ. ಸ್ಟೇಪ್ಲರ್ ಯಂತ್ರ ಬಂದು ಕೆಲಸ ಬೇಗ ಮುಗಿಯುತ್ತದೆ ನಿಜ. ಊದಿ ದಪ್ಪಗಾದ ಕರುಳಿಗೆ ಕೈಹೊಲಿಗೆಯೇ ವಾಸಿ ಎನ್ನುವ ಸರ್ಜನ್ನರು ಈಗಲೂ ಇದ್ದಾರೆ.

ಸ್ಟೋಮಾ ಆಗಿದ್ದ ಕರುಳೇ ಸತ್ತಿದ್ದರೆ ಅದನ್ನೂ ತೆಗೆದು ಹೊಸ ಸ್ಟೋಮಾ ಮಾಡಬೇಕಾಗುತ್ತದೆ. ಹಳೆಯ ಉಂಗುರವನ್ನು ಬೇಗ ಕರಗದ ದಾರದಿಂದ ಮುಚ್ಚುತ್ತಾರೆ. ಬೇರೆ ದಿನವಾಗಿದ್ದರೆ ಅಲ್ಲಿ ಪ್ಲಾಸ್ಟಿಕ್ಕಿನ ಬಲೆಯಾದ ಮೆಶ್ ಇಡುತ್ತಿದ್ದರು. ಅಮೆರಿಕದ ಶುಗರ್‌ಬೇಕರ್ 1985ರಲ್ಲಿ ವಿವರಿಸಿದ, ಕರುಳನ್ನು ಪಕ್ಕಕ್ಕೆ ಒರಗಿಸಿ ಮೇಲೆ ಮೆಶ್ ಹೊದಿಸುವ ಕ್ರಮ ಇಂದಿಗೂ ಬಳಕೆಯಲ್ಲಿದೆ. ಆದರೆ ಕೊಳೆತ ಕರುಳು ತೆಗೆದ ಹೊಟ್ಟೆಯಲ್ಲಿ ಸಾಮಾನ್ಯ ಮೆಶ್ ಇಟ್ಟರೆ ಅದಕ್ಕೆ ಕೀವು ಹಿಡಿಯುವ ಭಯ. ಆದ್ದರಿಂದ ಆ ದಿನ ಜೀವ ಉಳಿಸಿ, ಗೋಡೆಯ ಪಕ್ಕಾ ದುರಸ್ತಿಯನ್ನು ತಿಂಗಳುಗಳ ನಂತರಕ್ಕೆ ಬಿಡುವುದೇ ಹೆಚ್ಚಿನವರ ನಿಲುವು. ನಡುಗೆರೆಯ ಗಾಯ ಮುಚ್ಚುವಾಗ ಒಂದು ಲೆಕ್ಕವಿದೆ: ಗಾಯದ ಉದ್ದದ ನಾಲ್ಕು ಪಟ್ಟಾದರೂ ದಾರ ಹೋಗಿರಬೇಕು. 20 ಸೆಂ.ಮೀ. ಗಾಯಕ್ಕೆ 80 ಸೆಂ.ಮೀ. ದಾರ. ಕಡಿಮೆ ಹೋಗಿದೆಯೆಂದರೆ ಹೊಲಿಗೆಗಳು ದೂರದೂರ ಬಿದ್ದಿವೆ ಎಂದರ್ಥ. ಹಳೆಯ ಸ್ಟೋಮಾದ ಚರ್ಮವನ್ನು ಪೂರ್ತಿ ಹೊಲಿಯದೆ ಕೀವು ಹೋಗಲು ದಾರಿ ಬಿಡುತ್ತಾರೆ.

ಹೊಸ ಸ್ಟೋಮಾದ ಜಾಗವನ್ನು ಆದಷ್ಟು ಶಸ್ತ್ರಕ್ರಿಯೆಗೆ ಮೊದಲೇ ಪೆನ್ನಿನಿಂದ ಗುರುತು ಹಾಕಿಕೊಂಡಿರುತ್ತಾರೆ. ಮಲಗಿದಾಗ ಸಮತಟ್ಟಾಗಿ ಕಂಡ ಹೊಟ್ಟೆ ಕೂತಾಗ ಮಡಿಕೆ ಬೀಳುತ್ತದೆ. ಪಾಶ್ಚಾತ್ಯ ಪುಸ್ತಕಗಳು ಪ್ಯಾಂಟಿನ ಬೆಲ್ಟಿನ ಗೆರೆ ತಪ್ಪಿಸಿ ಎನ್ನುತ್ತವೆ. ನಮ್ಮಲ್ಲಿ ಧೋತ್ರದ ಗಂಟು, ಲಂಗದ ಲಾಡಿ, ಸೀರೆಯ ನೆರಿಗೆ ಸಿಕ್ಕಿಸುವ ಜಾಗ ತಪ್ಪಿಸಬೇಕು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂತಾಗ, ಕಳೆ ತೆಗೆಯಲು ಕುಕ್ಕರಗಾಲಿನಲ್ಲಿ ಕೂತಾಗ ಅಲ್ಲಿ ಮಡಿಕೆ ಬರಬಾರದು. ಎಲುಬಿನಿಂದ, ಹಳೆಯ ಗಾಯದಿಂದ, ಹೊಕ್ಕುಳಿನಿಂದ ದೂರವಿರಬೇಕು. ರೆಕ್ಟಸ್ ಸ್ನಾಯುವಿನ ಮೂಲಕ ಹಾದುಬರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಚೀಲ ಬದಲಿಸುವವರಿಗೆ ತಮ್ಮ ಸ್ಟೋಮಾ ತಮ್ಮ ಕಣ್ಣಿಗೆ ಕಾಣಬೇಕು. ರೋಗಿ ಏಳಲಾರದ ಸ್ಥಿತಿಯಲ್ಲಿದ್ದರೂ ಒಂದು ನಿಮಿಷ ತಲೆದಿಂಬು ಎತ್ತರಿಸಿ ನೋಡಿ ಗುರುತು ಹಾಕಿದ ದಾದಿ, ಆ ಮನುಷ್ಯನ ಮುಂದಿನ ಬದುಕಿನ ಅರ್ಧ ತೊಂದರೆ ಕಳೆದಿರುತ್ತಾರೆ.

ಇಲಿಯಾಸ್ಟಮಿಯಾದರೆ ಕರುಳಿನ ತುದಿಯನ್ನು ಹೊರಮಡಚಿ ಸುಮಾರು ಎರಡೂವರೆ ಸೆಂಟಿಮೀಟರ್ ಮುಂಚಾಚುವಂತೆ ಹೊಲಿಯುತ್ತಾರೆ. ಸಣ್ಣ ಕರುಳಿನ ರಸ ಚರ್ಮವನ್ನೇ ಜೀರ್ಣಿಸಿಬಿಡುವುದರಿಂದ ಅದು ನೇರ ಚೀಲಕ್ಕೆ ಬೀಳಬೇಕು. 1952ರಲ್ಲಿ ಇಂಗ್ಲೆಂಡಿನ ಬ್ರೂಕ್ ವಿವರಿಸಿದ ಉಪಾಯವಿದು. ಕೊಲಾಸ್ಟಮಿಗೆ ಅಷ್ಟು ಚಾಚು ಬೇಡ.

ಚೀಲಕ್ಕೂ ಒಂದು ಕಥೆಯಿದೆ. ಬಳಸಿ ಎಸೆಯುವ ಅಂಟುಚೀಲವನ್ನು 1954ರಲ್ಲಿ ಯೋಚಿಸಿದವರು ಡೆನ್ಮಾರ್ಕಿನ ದಾದಿ ಎಲಿಸ್ ಸೋರೆನ್ಸೆನ್. ಸ್ಟೋಮಾ ಆದ ಅವರ ತಂಗಿ ಮನೆಬಿಟ್ಟು ಹೊರಬರಲು ಹೆದರುತ್ತಿದ್ದಳು. ಚರ್ಮ ಕಾಯುವ ಪದಾರ್ಥವಾಗಿ ಅದೇ ದಶಕದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ಸರ್ಜನ್ ರೂಪರ್ಟ್ ಟರ್ನ್‌ಬುಲ್ ಬಳಕೆಗೆ ತಂದದ್ದು ಕರಾಯ ಗೋಂದು. ಅದು ಭಾರತದ ಒಣ ಕಾಡುಗಳ ಮರದ ಗೋಂದು. 1958ರಲ್ಲಿ ಅವರು ಸ್ವತಃ ಇಲಿಯಾಸ್ಟಮಿ ಇದ್ದ ನಾರ್ಮಾ ಗಿಲ್ ಅವರನ್ನು ಕೆಲಸಕ್ಕೆ ಸೇರಿಸಿಕೊಂಡರು. ಸ್ಟೋಮಾ ಆರೈಕೆ ಒಂದು ವೃತ್ತಿಯಾದದ್ದು ಅಲ್ಲಿಂದ. ನಮ್ಮಲ್ಲಿ ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆ ಈ ಕೆಲಸಕ್ಕೆಂದೇ ದಾದಿಯರಿಗೆ ತರಬೇತಿ ಕೊಡುತ್ತದೆ.

ಶಸ್ತ್ರಕ್ರಿಯೆ ಮುಗಿದ ಮೇಲೆ ಆ ದಾದಿಯರದ್ದೇ ಕಾಲ. ಮೊದಲ ದಿನಗಳಲ್ಲಿ ನಾಲ್ಕೈದು ತಾಸಿಗೊಮ್ಮೆ ಸ್ಟೋಮಾದ ಬಣ್ಣ ನೋಡಿ ಬರೆಯುತ್ತಾರೆ. ಚೀಲದ ಅಂಟುಬಿಲ್ಲೆಯನ್ನು ಸ್ಟೋಮಾಕ್ಕಿಂತ ಎರಡು ಮೂರು ಮಿಲಿಮೀಟರ್ ಮಾತ್ರ ದೊಡ್ಡದಾಗಿ ಕತ್ತರಿಸುವುದನ್ನು ಮನೆಯವರಿಗೆ ಕಲಿಸುತ್ತಾರೆ. ಮೊದಲ ವಾರಗಳಲ್ಲಿ ಊತ ಇಳಿದಂತೆ ಸ್ಟೋಮಾ ಸಣ್ಣದಾಗುತ್ತದೆ, ಬಿಲ್ಲೆಯ ಅಳತೆಯನ್ನೂ ಬದಲಿಸುತ್ತ ಹೋಗಬೇಕು. ಚೀಲ ಮೂರರಲ್ಲಿ ಒಂದು ಪಾಲು ತುಂಬಿದಾಗಲೇ ಖಾಲಿ ಮಾಡಬೇಕು, ಇಲ್ಲವಾದರೆ ಭಾರಕ್ಕೆ ಅಂಟು ಬಿಡುತ್ತದೆ. ಬಯಲುಸೀಮೆಯ ಏಪ್ರಿಲ್ ಬಿಸಿಲಲ್ಲಿ ಬೆವರಿಗೆ ಅಂಟು ಬೇಗ ಬಿಡುವುದರಿಂದ ಚರ್ಮ ಪೂರ್ತಿ ಒಣಗಿಸಿಯೇ ಅಂಟಿಸಬೇಕು. ಸ್ಟೋಮಾಕ್ಕೆ ನೋವಿನ ನರಗಳಿಲ್ಲ. ಗಾಯವಾದರೂ ಗೊತ್ತಾಗುವುದಿಲ್ಲ, ಕಣ್ಣಿನಿಂದಲೇ ನೋಡಿಕೊಳ್ಳಬೇಕು.

ಮನೆಯಲ್ಲಿ ಯಾರಿಗಾದರೂ ಹೊಟ್ಟೆಗೆ ಚೀಲ ಇದ್ದರೆ ಇಷ್ಟು ನೆನಪಿಡಿ. ಪಕ್ಕದ ಉಬ್ಬು ಮಲಗಿದರೂ ಒಳಗೆ ಹೋಗದೆ ಗಟ್ಟಿಯಾಗಿ ನೋಯುತ್ತಿದ್ದರೆ, ಚೀಲಕ್ಕೆ ಗಾಳಿಯೂ ಬರದೆ ವಾಂತಿಯಾಗುತ್ತಿದ್ದರೆ, ಸ್ಟೋಮಾ ನೇರಳೆ ಅಥವಾ ಕಪ್ಪಾಗಿದ್ದರೆ, ಉಬ್ಬನ್ನು ಒತ್ತಿ ತಳ್ಳಬೇಡಿ, ಹೊಟ್ಟೆ ತಿಕ್ಕಿಸಬೇಡಿ, ಶಾಖ ಕೊಡಬೇಡಿ, ತಿನ್ನಲು ಕುಡಿಯಲು ಏನೂ ಕೊಡಬೇಡಿ. ಬೆಳಗಾಗಲಿ ಎಂದು ಕಾಯಬೇಡಿ. ಹಳೆಯ ಶಸ್ತ್ರಕ್ರಿಯೆಯ ಕಾಗದ, ಆಯುಷ್ಮಾನ್ ಕಾರ್ಡ್ ಎತ್ತಿಕೊಂಡು ಆ ರಾತ್ರಿಯೇ 108ಕ್ಕೆ ಕರೆ ಮಾಡಿ.